ಏಳು ಮನೆಯ ಅನ್ನ

ಹಳೆಯ ಮೈಸೂರು ಸೀಮೆಯ ಗ್ರಾಮಗಳಲ್ಲಿ, ಊರ ಗುಡಿಯ ಜಗಲಿಯ ಮೇಲೋ ಶಾನುಭೋಗರ ಮನೆಯ ಪಡಸಾಲೆಯಲ್ಲೋ ನಡೆಯುತ್ತಿದ್ದ ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿ, ಮಗ್ಗಿಯನ್ನು ರಾಗವಾಗಿ ಒಪ್ಪಿಸಿ, ಅಮರಕೋಶವನ್ನೂ ಜೈಮಿನಿ ಭಾರತದ ನಾಲ್ಕಾರು ಸಂಧಿಗಳನ್ನೂ ಕಂಠಸ್ಥ ಮಾಡಿ ಮುಗಿಸುವ ಹೊತ್ತಿಗೆ ಹುಡುಗನಿಗೆ ಹತ್ತೋ ಹನ್ನೊಂದೋ ವರ್ಷ ತುಂಬುತ್ತಿದ್ದಿತು. ಶಾನುಭೋಗರ ಮಗ, ಪಟೇಲರ ಮಗ, ಅಂಗಡಿಯ ಶೆಟ್ಟರ ಮಗ, ನಾಲ್ಕು ಎಕರೆ ಖುಷ್ಕಿಯನ್ನು ನೆಚ್ಚಿ ಬದುಕುವ ಒಕ್ಕಲಿಗನ ಮಗ, ಇವರೆಲ್ಲ ಐಗಳ ಒಂದೇ ಬೆತ್ತಕ್ಕೆ ಕೈಯೊಡ್ಡಿ, ಒಂದೇ ಹುಣಿಸೆಯ ಮರಕ್ಕೆ ಕಲ್ಲೆಸೆದು ಬೆಳೆದವರು. ಹೊಲಗೇರಿಯ ಹುಡುಗನಿಗೆ ಆ ಜಗಲಿಯನ್ನು ಹತ್ತುವ ಅವಕಾಶವಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅವನ ಕಥೆ ಬೇರೆಯಾಗಿ, ಬಹಳ ತಡವಾಗಿ ಪ್ರಾರಂಭವಾಗುತ್ತದೆ. ಜಗಲಿಯ ಗೆಳೆಯರಲ್ಲಿ ಒಬ್ಬನು ಒಂದು ದಿನ ಬೆಳಗಿನ ಜಾವದಲ್ಲಿ ತಂದೆಯೊಡನೆ ಎತ್ತಿನ ಗಾಡಿಯನ್ನೇರಿ, ಚಾಪೆಯ ಸುರುಳಿಯನ್ನೂ ತಗಡಿನ ಪೆಟ್ಟಿಗೆಯನ್ನೂ ಮುಂದಿಟ್ಟುಕೊಂಡು ಪಟ್ಟಣಕ್ಕೆ ಹೊರಟುಹೋದರೆ, ಉಳಿದವರು ಆ ದಿನವೂ ಎಂದಿನಂತೆ ದನ ಹೊಡೆದುಕೊಂಡು ಬಯಲಿಗೆ ಹೋಗುತ್ತಿದ್ದರು. ಹೋದವನೇಕೆ ಹೋದನು, ಉಳಿದವರೇಕೆ ಉಳಿದರು ಎಂದು ವಿಚಾರಿಸಿದರೆ, ಬುದ್ಧಿಯ ಹೆಚ್ಚು ಕಡಿಮೆಗಳಿಗಿಂತ ಅನ್ನದ ಪ್ರಶ್ನೆಯೇ ಮುಂದೆ ಬಂದು ನಿಲ್ಲುತ್ತದೆ.

ಶಾಲೆಗಳು ಆಗ ದೂರದಲ್ಲಿದ್ದವು. ತಾಲ್ಲೂಕು ಕಸಬೆಯಲ್ಲೊಂದು ಎ.ವಿ. (ಆಂಗ್ಲೋ-ವರ್ನಾಕ್ಯುಲರ್) ಸ್ಕೂಲು, ಜಿಲ್ಲೆಯ ಮುಖ್ಯ ಪಟ್ಟಣದಲ್ಲೊಂದು ಹೈಸ್ಕೂಲು. ಅದಕ್ಕೂ ಮುಂದಕ್ಕೆ ಹೋಗುವ ಧೈರ್ಯವುಳ್ಳವನಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅಥವಾ ಮೈಸೂರಿನ ಮಹಾರಾಜಾ ಕಾಲೇಜು. 1858ರಲ್ಲಿ ಹೈಸ್ಕೂಲಾಗಿ ಹುಟ್ಟಿ 1875ರಲ್ಲಿ ಕಾಲೇಜೆಂಬ ಹೆಸರನ್ನು ಪಡೆದ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿ ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯವನ್ನೇ ನೋಡಬೇಕಾಗಿದ್ದಿತು. ಮೈಸೂರಿಗೆ ತನ್ನದೇ ಆದ ವಿಶ್ವವಿದ್ಯಾನಿಲಯ ಬಂದದ್ದು 1916ರಲ್ಲಿ. ಧಾರವಾಡ ಬೆಳಗಾವಿಗಳ ಕಡೆಯವನು ಮುಲ್ಕಿ ಪರೀಕ್ಷೆಯನ್ನೋ ಮ್ಯಾಟ್ರಿಕ್ಯುಲೇಷನನ್ನೋ ಮುಗಿಸಿ ಮುಂದೆ ಓದಬೇಕೆಂದರೆ, ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಪ್ರಾರಂಭವಾಗುವವರೆಗೂ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗದೆ ವಿಧಿಯಿರಲಿಲ್ಲ. ಕವಿ ಬೇಂದ್ರೆಯವರ ಪದವಿಯೂ ಪುಣೆಯ ಫರ್ಗ್ಯೂಸನ್ ಕಾಲೇಜಿನದೇ. ಶುಲ್ಕವನ್ನು ಹೇಗೋ ಹೊಂದಿಸಬಹುದಾಗಿದ್ದಿತು. ಬುದ್ಧಿವಂತನಾದ ಬಡವನಿಗೆ ಅರ್ಧ ಶುಲ್ಕದ ರಿಯಾಯಿತಿ ಸಿಕ್ಕುವುದೂ ಉಂಟು. ಆದರೆ ಗುರುತು ಪರಿಚಯವಿಲ್ಲದ ಊರಿನಲ್ಲಿ ವರ್ಷದ ಹತ್ತು ತಿಂಗಳು ಎರಡು ಹೊತ್ತು ಉಣ್ಣುವುದೆಲ್ಲಿ? ದುಡ್ಡು ಕೊಟ್ಟು ಹೋಟೆಲಿನಲ್ಲಿ ಊಟ ಮಾಡುವುದು ಬಡವನಿಗೆ ಸಾಧ್ಯವಿರಲಿಲ್ಲ. ಆಚಾರವಂತನಿಗೆ ಸಮ್ಮತವೂ ಆಗಿರಲಿಲ್ಲ.

ಈ ಪ್ರಶ್ನೆಗೆ ಬ್ರಾಹ್ಮಣ ಸಮಾಜವು ಕಂಡುಕೊಂಡಿದ್ದ ಉತ್ತರವೇ ವಾರಾನ್ನ. ಉಪನೀತನಾದ ವಟುವು ಗುರುಕುಲದಲ್ಲಿದ್ದು ಭಿಕ್ಷಾಟನೆಯಿಂದ ದೇಹವನ್ನು ಪೋಷಿಸಿಕೊಳ್ಳಬೇಕೆಂಬ ಪ್ರಾಚೀನ ವಿಧಿಯ ನೆನಪು ಅದರ ಹಿಂದಿದ್ದಿತು. ಬಡ ವಿದ್ಯಾರ್ಥಿಗೆ ಅನ್ನವಿಕ್ಕುವುದು ಪುಣ್ಯವೆಂಬ ಶ್ರದ್ಧೆ ಅದನ್ನು ನಿಲ್ಲಿಸಿದ್ದಿತು. ಪುಣೆಯಲ್ಲಿ ಮನೆಮನೆಯಿಂದ ಅನ್ನವನ್ನು ಸಂಗ್ರಹಿಸಿ ತರುವ ಮಾಧುಕರಿಯೂ, ನಮ್ಮ ಸೀಮೆಯಲ್ಲಿ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುವ ವಾರವೂ ಒಂದೇ ಮೂಲದಿಂದ ಬಂದ ಎರಡು ಪದ್ಧತಿಗಳು. ಏಳು ಮನೆಗೆ ಹಂಚಿದ ಭಾರ ಯಾವ ಮನೆಗೂ ಭಾರವಲ್ಲ. ವಾರಕ್ಕೊಂದು ದಿನ ಒಂದು ಎಲೆ ಹೆಚ್ಚಾಗಿ ಹಾಕುವುದು ಗುಮಾಸ್ತೆಯ ಸಂಸಾರಕ್ಕೂ ಸಾಧ್ಯ. ಸರ್ಕಾರದಿಂದ ಒಂದು ಕಾಸಿನ ನೆರವಿಲ್ಲದೆ, ಕಚೇರಿ ಲೆಕ್ಕಪತ್ರಗಳಿಲ್ಲದೆ, ಅನೇಕ ತಲೆಮಾರುಗಳ ವಕೀಲರನ್ನೂ ಉಪಾಧ್ಯಾಯರನ್ನೂ ಅಮಲ್ದಾರರನ್ನೂ ಸಾಕಿದ ಈ ವ್ಯವಸ್ಥೆಯ ಜಾಣ್ಮೆಯನ್ನು ಮೆಚ್ಚದಿರಲಾಗದು.

ಮೆಚ್ಚುವುದು ಸುಲಭ, ವಾರ ಗೊತ್ತುಮಾಡಿಕೊಳ್ಳುವುದು ಸುಲಭವಾಗಿರಲಿಲ್ಲ. ಶಾಲೆ ತೆರೆಯುವುದಕ್ಕೆ ನಾಲ್ಕು ದಿನ ಮುಂಚೆ ತಂದೆಯು ಮಗನನ್ನು ಕರೆದುಕೊಂಡು ಅಗ್ರಹಾರದ ಬೀದಿಗಳಲ್ಲಿ ಮನೆಯಿಂದ ಮನೆಗೆ ನಡೆಯುತ್ತಿದ್ದನು. ಜಗಲಿಯ ಮೇಲೆ ಕುಳಿತ ಯಜಮಾನರು ಗೋತ್ರ, ಸೂತ್ರ, ಊರು, ಸಂಬಂಧಿಕರ ಹೆಸರು ಇವನ್ನೆಲ್ಲ ಕೇಳಿ, ಹುಡುಗನಿಂದ ಎರಡು ಶ್ಲೋಕ ಹೇಳಿಸಿ, ಒಳಗೆ ಹೋಗಿ ಹೆಂಡತಿಯೊಡನೆ ಆಲೋಚಿಸಿ ಬಂದು, “ಗುರುವಾರ ಬರಲಿ, ಬುಧವಾರಕ್ಕೆ ಆಗಲೇ ಒಬ್ಬ ಬರುತ್ತಿದ್ದಾನೆ” ಎನ್ನುತ್ತಿದ್ದರು. ಹೀಗೆ ಐದು ದಿನ ತುಂಬಿ ಎರಡು ದಿನ ಖಾಲಿ ಉಳಿದರೆ ತಂದೆ ಊರಿಗೆ ಹೊರಡುತ್ತಿದ್ದನು; ಉಳಿದೆರಡು ದಿನಗಳನ್ನು ಹುಡುಗನೇ ಹುಡುಕಿಕೊಳ್ಳಬೇಕು, ಅಥವಾ ಉಪವಾಸವಿರಬೇಕು. ಊಟವಿದ್ದ ದಿನವೂ ಕೈತೊಳೆದು ಎಲೆಯ ಮುಂದೆ ಕುಳಿತುಕೊಂಡಂತಲ್ಲ. ಮನೆಯೊಡತಿಯ ಮಡಿಗೆ ಭಂಗ ಬಾರದಂತೆ ತಾನೂ ಸ್ನಾನ ಮಾಡಿ ಪಾಣಿಪಂಚೆಯುಟ್ಟು, ದೇವರ ಪೂಜೆಗೆ ಹೂವು ಬಿಡಿಸಿ ತಂದು, ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಹಾಕಿ, ಯಜಮಾನರ ಪೂಜೆ ಮುಗಿಯುವವರೆಗೆ ಕಾಯಬೇಕು. ಇತ್ತ ಶಾಲೆಯ ಗಂಟೆ ಹೊಡೆಯುತ್ತಿರುತ್ತದೆ. ವಾರದ ದಿನ ಆ ಮನೆಯಲ್ಲಿ ಏಕಾದಶಿ ಬಿದ್ದರೆ ಊಟವಿಲ್ಲ. ಸೂತಕ ಬಂದರೆ ಹತ್ತು ದಿನ ಆ ಕಡೆ ಹೋಗುವಂತಿಲ್ಲ. ಮನೆಯವರು ಮದುವೆಗೆಂದು ಪರಸ್ಥಳಕ್ಕೆ ಹೋಗಿದ್ದರೆ, ಬಾಗಿಲಿಗೆ ಹಾಕಿದ ಬೀಗವೇ ಅದನ್ನು ತಿಳಿಸುತ್ತಿದ್ದಿತು. ಕೆಲವು ಮನೆಗಳಲ್ಲಿ ತಾಯಿಯಂಥ ಹೆಂಗಸರು ಎರಡನೆಯ ಸಲ ತುಪ್ಪ ಬಡಿಸಿ, “ತಲೆಗೆ ಎಣ್ಣೆ ಹಾಕಿಕೊಂಡು ಎಷ್ಟು ದಿನವಾಯಿತೋ?” ಎಂದು ಗದರುತ್ತಿದ್ದರು. ಬೇರೆ ಕೆಲವು ಮನೆಗಳಲ್ಲಿ ಮನೆಯ ಮಕ್ಕಳ ಎಲೆಗೆ ಬಿಸಿಯನ್ನವೂ, ಬಾಗಿಲ ಪಕ್ಕದ ವಾರದ ಹುಡುಗನ ಎಲೆಗೆ ತಂಗಳೂ ಬೀಳುತ್ತಿದ್ದವು. ಸಾರು ನೀರಾಗಿದೆ ಎಂದು ಹೇಳುವ ಅಧಿಕಾರ ಅವನಿಗಿರಲಿಲ್ಲ. ವಾರಾನ್ನವನ್ನುಂಡು ಬೆಳೆದ ಎಸ್.ಎಲ್. ಭೈರಪ್ಪನವರು ತಮ್ಮ ಆತ್ಮವೃತ್ತಾಂತವಾದ ‘ಭಿತ್ತಿ’ಯಲ್ಲಿ ಅದನ್ನು ಬರೆದಿರುವ ರೀತಿಯನ್ನು ನೋಡಿದವರಿಗೆ, ಆ ಪದ್ಧತಿಯನ್ನು ಕುರಿತು ಹಿರಿಯರು ಆಡುತ್ತಿದ್ದ ನಲ್ವಾತುಗಳೆಲ್ಲ ಅರ್ಧ ಸತ್ಯವೆಂದು ತೋರದಿರದು.

ಆದರೂ ಈ ಏಳು ಮನೆಗಳ ಅಲೆದಾಟದಲ್ಲಿ ಯಾರೂ ಉದ್ದೇಶಿಸದಿದ್ದ ಒಂದು ಶಿಕ್ಷಣವಿದ್ದಿತು. ಹಳ್ಳಿಯಲ್ಲಿದ್ದಾಗ ಆ ಹುಡುಗನು ಕಂಡಿದ್ದುದು ತಂದೆಯ ಬದುಕೊಂದನ್ನೇ. ಶಾನುಭೋಗರ ಮಗ ಶಾನುಭೋಗನಾಗಬೇಕು, ಅರ್ಚಕರ ಮಗ ಘಂಟೆಯಾಡಿಸಬೇಕು. ಅದನ್ನು ಯಾರೂ ಅವನಿಗೆ ವಿಧಿಸುತ್ತಿರಲಿಲ್ಲ, ಬೇರೊಂದು ಸಾಧ್ಯತೆ ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ. ಪಟ್ಟಣದಲ್ಲಿ ಸೋಮವಾರದ ಮನೆಯವರು ವಕೀಲರಾಗಿದ್ದರೆ ಕಕ್ಷಿಗಾರರು ಪಡಸಾಲೆಯಲ್ಲಿ ಕಾದು ಕುಳಿತಿರುವುದನ್ನೂ, ಗುರುವಾರದ ಮನೆಯವರು ಉಪಾಧ್ಯಾಯರಾಗಿದ್ದರೆ ಬೀರುವಿನ ತುಂಬ ಪುಸ್ತಕಗಳಿರುವುದನ್ನೂ, ಶನಿವಾರದ ಮನೆಯವರು ರೈಲ್ವೆಯ ಗುಮಾಸ್ತೆಯಾಗಿದ್ದರೆ ಗಡಿಯಾರದ ಮುಳ್ಳಿನಂತೆ ಮನೆಯೇ ನಡೆಯುವುದನ್ನೂ ಅವನು ಕಂಡನು. ಒಬ್ಬರ ಮನೆಯಲ್ಲಿ ಮದರಾಸಿನ ಇಂಗ್ಲಿಷ್ ಪತ್ರಿಕೆ, ಇನ್ನೊಬ್ಬರಲ್ಲಿ ಸಂಜೆ ಗಮಕ ವಾಚನ, ಮತ್ತೊಬ್ಬರಲ್ಲಿ ಸಾಲಗಾರರ ಕಾಟ. ತೂಗಿ ನೋಡುವುದಕ್ಕೆ ಬೇಕಾದ ಎಲ್ಲವೂ ಅಲ್ಲಿದ್ದಿತು. ಹಳ್ಳಿಯ ಗೆಳೆಯರಲ್ಲಿ ಯಾರಿಗೂ ದೊರೆಯದಿದ್ದ ಈ ತೂಗಿ ನೋಡುವ ಅವಕಾಶವೇ, ನನ್ನ ದೃಷ್ಟಿಯಲ್ಲಿ, ಎ.ವಿ. ಸ್ಕೂಲಿನ ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಅವನನ್ನು ಬದಲಾಯಿಸಿದುದು.

ಹಾಗೆಂದು ಅವನು ಸ್ವತಂತ್ರನಾದನೆಂದು ತಿಳಿಯಬಾರದು. ಏಳು ಮನೆಯ ಅನ್ನಕ್ಕೆ ಏಳು ಮನೆಯ ಸಲಹೆ ಜೊತೆಯಾಗಿ ಬರುತ್ತಿದ್ದಿತು. ಯಾವ ಪರೀಕ್ಷೆಗೆ ಕಟ್ಟಬೇಕು, ಯಾವ ಕಚೇರಿಯಲ್ಲಿ ಸ್ಥಳ ಖಾಲಿಯಿದೆ, ಯಾರ ಕೈಕಾಲು ಹಿಡಿದರೆ ಕೆಲಸವಾಗುತ್ತದೆ ಎಂಬುದನ್ನೆಲ್ಲ ಅನ್ನವಿಕ್ಕಿದವರೇ ನಿರ್ಧರಿಸಿದುದುಂಟು. ಬುದ್ಧಿವಂತನೂ ವಿನಯಶಾಲಿಯೂ ಆದ ವಾರದ ಹುಡುಗನ ಜಾತಕವನ್ನು ಮನೆಯ ಯಜಮಾನರು ಮೆಲ್ಲನೆ ತರಿಸಿ ನೋಡಿ, ಅವನು ಬಿ.ಎ. ಮುಗಿಸುವ ಮೊದಲೇ ಮಗಳನ್ನು ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡ ನಿದರ್ಶನಗಳು ಒಂದು ಕಾಲಕ್ಕೆ ಬೀದಿಗೊಂದರಂತೆ ಸಿಕ್ಕುತ್ತಿದ್ದವು. ಉಂಡ ಮನೆಗೆ ಎರಡು ಬಗೆಯಬಾರದೆಂಬ ಮಾತು ನಮ್ಮ ಜನದ ಎದೆಯಲ್ಲಿ ಆಳವಾಗಿ ನೆಟ್ಟಿರುವುದರಿಂದ, ಹುಡುಗನು ತನ್ನ ಭವಿಷ್ಯವನ್ನು ತಾನೇ ಆರಿಸಿಕೊಳ್ಳುವಾಗ ಯಾರ ಅನ್ನವನ್ನು ಉಣ್ಣುತ್ತಿದ್ದನು ಎಂಬುದೇ ಆ ಆಯ್ಕೆಯ ಎಲ್ಲೆಯನ್ನು ಗೊತ್ತುಮಾಡುತ್ತಿದ್ದಿತು. ನಮ್ಮ ಪ್ರಾಂತದ ವಿದ್ಯಾಭ್ಯಾಸದ ಚರಿತ್ರೆಯನ್ನು ಶಾಲೆಗಳ ಪಟ್ಟಿಯಿಂದ ಬರೆಯುವುದು ವಾಡಿಕೆ. ಎಲೆಗಳ ಪಟ್ಟಿಯಿಂದ ಬರೆದರೆ ಅದು ಹೆಚ್ಚು ನಿಜವಾದೀತು.

ಏಕೆಂದರೆ ಕೂಲಿಮಠದ ಗೆಳೆತನ ಮುರಿದದ್ದು ಎಲೆಯ ಮುಂದೆಯೇ. ಒಕ್ಕಲಿಗರ ಹುಡುಗನು ಶಾನುಭೋಗರ ಮಗನಿಗಿಂತ ಲೆಕ್ಕದಲ್ಲಿ ಚುರುಕಾಗಿದ್ದಿರಬಹುದು. ಆದರೆ ಅಗ್ರಹಾರದ ಏಳು ಮನೆಗಳಲ್ಲಿ ಒಂದೂ ಅವನಿಗೆ ಎಲೆ ಹಾಕುತ್ತಿರಲಿಲ್ಲ. ಅವನಿಗೆ ಪಟ್ಟಣದಲ್ಲಿ ನೆಂಟರಿರಬೇಕು, ಇಲ್ಲವೇ ಮನೆಯಿಂದ ರಾಗಿಹಿಟ್ಟು ತಂದು ತಾನೇ ಬೇಯಿಸಿಕೊಳ್ಳಬೇಕು, ಇಲ್ಲವೇ ನೇಗಿಲ ಹಿಂದೆ ನಡೆಯಬೇಕು. ಮೂರನೆಯದೇ ಬಹುಮಂದಿಯ ಪಾಲಿಗೆ ಬಂದಿತು. ಬೇಸಗೆಯ ರಜೆಯಲ್ಲಿ ಊರಿಗೆ ಬಂದ ಹುಡುಗನು ಕೋಟು ಹಾಕಿಕೊಂಡು ಹಳೆಯ ಗೆಳೆಯನನ್ನು ಹೊಲದ ಬದುವಿನ ಮೇಲೆ ಕಂಡಾಗ, ಗೆಳೆಯನ ಬಾಯಲ್ಲಿ ‘ಏನೋ’ ಎಂಬುದು ‘ಏನ್ ಸ್ವಾಮಿ’ ಆಗಿರುತ್ತಿದ್ದಿತು. ಅದಕ್ಕೆ ಎರಡು ವರ್ಷ ಸಾಕಾಗುತ್ತಿದ್ದಿತು.

ಉತ್ತರದ ಸೀಮೆಯಲ್ಲಿ ಈ ಕೊರತೆಯನ್ನು ಮಠಗಳು ಮೊದಲು ತುಂಬಿದವು. ಮಠದಲ್ಲಿದ್ದು ಓದುವ ಬಾಲಕರು ಜೋಳಿಗೆ ಹಿಡಿದು ಓಣಿಯೋಣಿ ತಿರುಗಿ ಕಂತಿಭಿಕ್ಷೆ ತರುತ್ತಿದ್ದರು. ಬಿಳಿ ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಒಂದು ಮನೆಯ ತೆಳ್ಳನೆಯದು, ಇನ್ನೊಂದು ಮನೆಯ ದಪ್ಪನೆಯದು, ನಾಲ್ಕು ಬಗೆಯ ಪಲ್ಯ, ಹಿಂಡಿ ಎಲ್ಲವೂ ಒಂದರೊಳಗೊಂದು ಬೆರೆತು ಮಠಕ್ಕೆ ಬಂದು, ಅಲ್ಲಿ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತಿದ್ದವು. ವಾರದ ಹುಡುಗನು ಒಬ್ಬನೇ ಕುಳಿತು ಉಣ್ಣುತ್ತಿದ್ದನು. ಕಂತಿಯ ಹುಡುಗನು ನಾಲ್ವತ್ತು ಮಂದಿಯೊಡನೆ ಸಾಲಿನಲ್ಲಿ ಕುಳಿತನು. ಊರಿನಲ್ಲಿ ಬಿಟ್ಟುಬಂದ ಗೆಳೆಯರ ಸ್ಥಾನಕ್ಕೆ ಹೊಸ ಗೆಳೆಯರು ಬಂದದ್ದು ಈ ಸಾಲಿನಲ್ಲಿ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಕಟ್ಟಿ ಬೆಳೆಸಿದ ಪ್ರಸಾದನಿಲಯ ಈ ಪರಂಪರೆಯ ಅತ್ಯುತ್ತಮ ಫಲ. ಅದಕ್ಕೂ ಮುಂಚೆ, 1883ರಲ್ಲಿಯೇ, ಅರಟಾಳ ರುದ್ರಗೌಡರೇ ಮೊದಲಾದ ಮಹನೀಯರು ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗೆ ನೆರವಾಗಲು ನಿಧಿಯೊಂದನ್ನು ಕೂಡಿಸಿದ್ದರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದರು. ನೆರೆಯ ಕೊಲ್ಲಾಪುರದಲ್ಲಿ ಛತ್ರಪತಿ ಶಾಹು ಮಹಾರಾಜರು 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗನ್ನು ತೆರೆದು, ಅನಂತರ ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರಿಗೆ ಬೇರೆ ಬೇರೆ ವಸತಿಗೃಹಗಳನ್ನು ಕಟ್ಟಿಸಿದುದು ಈ ಸೀಮೆಗೆಲ್ಲ ಮೇಲ್ಪಂಕ್ತಿಯಾಯಿತು. ಅರಸನೊಬ್ಬನು ಎಲೆಯ ಪ್ರಶ್ನೆಯನ್ನು ಇಷ್ಟು ನೇರವಾಗಿ ಅರ್ಥಮಾಡಿಕೊಂಡ ನಿದರ್ಶನ ವಿರಳ.

ಮೈಸೂರಿನಲ್ಲಿ ‘ತಾತಯ್ಯ’ನವರೆಂದು ಜನ ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು (1844–1933) ಪತ್ರಿಕೆಗಳನ್ನು ನಡೆಸಿ, ಮರಿಮಲ್ಲಪ್ಪನವರ ಶಾಲೆಯನ್ನು ಬೆಳೆಸಿದುದರ ಜೊತೆಗೆ ಅನಾಥಾಲಯವನ್ನೂ ಕಟ್ಟಿ, ಬಡ ಹುಡುಗರಿಗೆ ಅನ್ನವನ್ನೂ ತಲೆಯ ಮೇಲೊಂದು ಸೂರನ್ನೂ ಒದಗಿಸಿದರು. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು 1903ರಲ್ಲಿ ಪ್ರಯಾಣಿಕರಿಗಾಗಿ ತೆರೆದ ಛತ್ರದ ಧರ್ಮವು ವಿದ್ಯಾರ್ಥಿಗಳ ಉಚಿತ ವಸತಿಗೂ ಹರಡಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ತಂಗುವ ಜಾಗ ಬೇಕೆಂಬುದು ಅದರ ಆದ್ಯ ಕಾಳಜಿಗಳಲ್ಲೊಂದಾಗಿದ್ದಿತು. ಬ್ರಾಹ್ಮಣೇತರರ ವಿದ್ಯೆ ಉದ್ಯೋಗಗಳ ಸ್ಥಿತಿಯನ್ನು ವಿಚಾರಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯ ವರದಿ ಬಂದ ಮೇಲಂತೂ ವಿದ್ಯಾರ್ಥಿನಿಲಯಗಳನ್ನು ಕಟ್ಟುವುದರಲ್ಲಿ ಜನಾಂಗ ಜನಾಂಗಗಳಿಗೆ ಮೇಲಾಟವೇ ನಡೆಯಿತು.

ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಪ್ರಾರಂಭಿಸಿದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, ತುಮಕೂರಿನ ಹೈಸ್ಕೂಲಿನಲ್ಲಿ ಓದುತ್ತಿದ್ದ ಹುಡುಗನೊಬ್ಬನು, ಪಟ್ಟಣದಲ್ಲಿ ಪ್ಲೇಗು ತಲೆದೋರಿದ ಕಾಲದಲ್ಲಿ ಮಠದ ಆಶ್ರಯವನ್ನು ಪಡೆದನು. ಅಲ್ಲಿ ಮಠದ ಉತ್ತರಾಧಿಕಾರಿಯೆಂದು ಗೊತ್ತಾಗಿದ್ದ ಮರುಳಾರಾಧ್ಯರ ಸ್ನೇಹವೂ ದೊರೆಯಿತು. ಮುಂದೆ ಅವನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1930ರಲ್ಲಿ, ಆ ಸ್ನೇಹಿತರು ಅಕಾಲದಲ್ಲಿ ಲಿಂಗೈಕ್ಯರಾದರು. ಅಂತ್ಯವಿಧಿಗೆಂದು ಬಂದ ಕಾಲೇಜು ವಿದ್ಯಾರ್ಥಿಯನ್ನೇ ಹಿರಿಯ ಗುರುಗಳು ಉತ್ತರಾಧಿಕಾರಿಯೆಂದು ಸಾರಿದರು. ಪದವಿ, ಉದ್ಯೋಗ, ಸಂಸಾರ ಎಂಬ ದಾರಿಯ ಬಾಗಿಲವರೆಗೆ ಬಂದಿದ್ದ ಯುವಕನು ಒಪ್ಪಿಕೊಂಡು ವಿರಕ್ತಾಶ್ರಮವನ್ನು ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದುದು ಎಲ್ಲರಿಗೂ ತಿಳಿದದ್ದೇ. ಇದು ಅವರ ಆಯ್ಕೆಯೇ, ಗುರುವಿನ ಆಯ್ಕೆಯೇ ಎಂದು ಯಾರಾದರೂ ಕೇಳಿಯಾರು. ಕಷ್ಟಕಾಲದಲ್ಲಿ ಮಠದ ಅನ್ನವನ್ನುಂಡವನು ಆ ಅನ್ನದ ಋಣವನ್ನು ತೀರಿಸಲು ಇಡೀ ಆಯುಷ್ಯವನ್ನು ತೆತ್ತನೆಂದು ಮಾತ್ರ ನಾವು ಹೇಳಬಲ್ಲೆವು. 2019ರಲ್ಲಿ ಅವರು ದೇಹಬಿಟ್ಟಾಗ ಸಿದ್ಧಗಂಗೆಯ ಸಾಲಿನಲ್ಲಿ ಉಣ್ಣುತ್ತಿದ್ದ ಮಕ್ಕಳ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿದ್ದಿತು, ಅದೂ ಎಲ್ಲ ಜಾತಿಗಳ ಮಕ್ಕಳು.

ಎಲ್ಲ ನಿಲಯಗಳೂ ಇಷ್ಟು ಉದಾರವಾಗಿರಲಿಲ್ಲ. ಜನಾಂಗದ ಹಣದಿಂದ ನಡೆಯುವ ನಿಲಯದಲ್ಲಿ ಉಂಡವನಿಂದ ಜನಾಂಗವು ಪ್ರತಿಫಲವನ್ನು ನಿರೀಕ್ಷಿಸುವುದು ಸಹಜ. ವಾರದ ಹುಡುಗನ ಋಣ ಏಳು ಮನೆಗಳಲ್ಲಿ ಚೆದುರಿತ್ತು; ನಿಲಯದ ಹುಡುಗನ ಋಣವೆಲ್ಲ ಒಂದೇ ಕಡೆ ಜಮೆಯಾಯಿತು. ವಕೀಲನಾದವನು ಸಂಘದ ವ್ಯಾಜ್ಯವನ್ನು ಹಿಡಿಯಬೇಕು, ಅಧಿಕಾರಿಯಾದವನು ತನ್ನವರಿಗೆ ಬಾಗಿಲು ತೆರೆಯಬೇಕು, ಚುನಾವಣೆ ಬಂದಾಗ ಹಳೆಯ ಸಹಪಂಕ್ತಿಗರು ಒಟ್ಟಾಗಬೇಕು. ನಮ್ಮ ರಾಜ್ಯದ ರಾಜಕಾರಣದ ಅನೇಕ ಗಂಟುಗಳನ್ನು ಬಿಚ್ಚಬೇಕಾದವನು ಮೊದಲು ಈ ನಿಲಯಗಳ ಊಟದ ಮನೆಯನ್ನು ನೋಡಿಬರಬೇಕು.

ಯಾರ ಎಲೆಯ ಹಂಗೂ ಇಲ್ಲದೆ ಓದಿದವರು ಇದ್ದರೇ? ವಿರಳವಾಗಿ ಇದ್ದರು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಸೋದರಮಾವನ ಆಸರೆಯನ್ನರಸಿ ಬೆಂಗಳೂರಿಗೆ ಬಂದ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠ ಹೇಳಿ ತಮ್ಮ ವೆಚ್ಚವನ್ನು ತೂಗಿಸಿಕೊಂಡರು. ಪಾಠ ಹೇಳಿ ಪಡೆದದ್ದು ದುಡಿಮೆಯ ಫಲ, ಅದಕ್ಕೆ ಋಣವಿಲ್ಲ. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿ, 1883ರಲ್ಲಿ ಮೊದಲನೆಯವರಾಗಿ ತೇರ್ಗಡೆಯಾಗಿ, ಮುಂದಿನ ವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ವೇತನ ಕೊಟ್ಟ ಮೈಸೂರು ತನ್ನ ಸಾಲವನ್ನು ಕೇಳಲಿಲ್ಲ. ಅವರು ಚೀಫ್ ಇಂಜಿನಿಯರಾಗಿ ಮೈಸೂರಿಗೆ ಬಂದದ್ದು 1909ರಲ್ಲಿ, ಕಾಲು ಶತಮಾನ ಹೊರಗೆ ದುಡಿದ ಮೇಲೆ, ತಾವೇ ಮನಸ್ಸು ಮಾಡಿ. ವೈದಿಕ ಕುಟುಂಬವೊಂದರ ಹುಡುಗನು ಅಣೆಕಟ್ಟುಗಳ ಕಡೆಗೆ ತಿರುಗಿದುದರಲ್ಲಿ ಪ್ರತಿಭೆಯ ಪಾಲು ದೊಡ್ಡದೆಂಬುದು ದಿಟ. ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ ಎಂಬುದರ ಪಾಲೂ ಚಿಕ್ಕದಲ್ಲ.

ಕುಪ್ಪಳಿಯ ಪುಟ್ಟಪ್ಪನವರ ಸಂಗತಿ ಬೇರೆ ಬಗೆಯದು. ಅವರದು ಅನ್ನಕ್ಕೆ ಕೊರತೆಯಿಲ್ಲದ ಮಲೆನಾಡಿನ ಮನೆ. ತೀರ್ಥಹಳ್ಳಿಯ ಎ.ವಿ. ಸ್ಕೂಲನ್ನು ಮುಗಿಸಿ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಬಂದ ಆ ಹುಡುಗನು ಕಾಡನ್ನೂ, ಮನೆಯ ಸುತ್ತಣ ಗುಡ್ಡಗಳನ್ನೂ, ಒಡನಾಡಿಗಳನ್ನೂ ಬಿಟ್ಟುಬಂದ ಸಂಕಟವನ್ನು ಇಂಗ್ಲಿಷಿನಲ್ಲಿ ಪದ್ಯ ಕಟ್ಟಿ ಮರೆಯಲೆಳಸಿ, 1922ರಲ್ಲಿ ಆ ಪದ್ಯಗಳ ಒಂದು ಸಣ್ಣ ಪುಸ್ತಕವನ್ನೂ ಹೊರತಂದನು. ಐರಿಷ್ ಕವಿ ಜೇಮ್ಸ್ ಕಸಿನ್ಸರು 1924ರಲ್ಲಿ ಅವುಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ ಮೇಲೆ ಕನ್ನಡದ ಕಡೆಗೆ ತಿರುಗಿದನೆಂಬುದು ಪ್ರಸಿದ್ಧವಾದ ಕಥೆ. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು, ಅನಂತರದ ವರ್ಷಗಳಲ್ಲಿ ಅವರು ರಾಮಕೃಷ್ಣಾಶ್ರಮದಲ್ಲಿ, ಸ್ವಾಮಿ ಸಿದ್ಧೇಶ್ವರಾನಂದರ ಸ್ನೇಹದಲ್ಲಿ ನೆಲೆಸಿದುದು. ಆಶ್ರಮದ ಎಲೆಯು ಅವರಿಂದ ಉದ್ಯೋಗವನ್ನೂ ಕೇಳಲಿಲ್ಲ, ಜಾತಿಯ ಸೇವೆಯನ್ನೂ ಕೇಳಲಿಲ್ಲ. ಬಿಟ್ಟುಬಂದ ಮಲೆನಾಡನ್ನು ದೂರದಲ್ಲಿ ನಿಂತು ನೋಡುವ ಬಿಡುವನ್ನು ಕೊಟ್ಟಿತು.

ಇವರೆಲ್ಲ ಮೊದಲು ಹೊರಟವರು, ಆಮೇಲೆ ಆರಿಸಿಕೊಂಡವರು. ಮೊದಲೇ ಆರಿಸಿಕೊಂಡು, ಅದಕ್ಕಾಗಿಯೇ ಹೊರಟವರೂ ಉಂಟು. ಅವರು ಬಹುಶಃ ಸಂಗೀತಕ್ಕೇ ಸೇರಿದವರು. ಗದಗಿನ ಉಪಾಧ್ಯಾಯರೊಬ್ಬರ ಮಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದು ವರ್ಷದ ಬಾಲಕನಾಗಿದ್ದಾಗ, ಯಾರಿಗೂ ಹೇಳದೆ ಗುರುವನ್ನು ಹುಡುಕಿಕೊಂಡು ರೈಲು ಹತ್ತಿದುದು, ಬಿಜಾಪುರ, ಪುಣೆ, ಗ್ವಾಲಿಯರ್, ಜಲಂಧರಗಳವರೆಗೆ ಅಲೆದುದು, ಕಡೆಗೆ ಊರಿನಿಂದ ಕೂಗಳತೆಯಲ್ಲೇ ಎನ್ನಬಹುದಾದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯನಾಗಿ 1936ರಲ್ಲಿ ನೆಲೆಯೂರಿದುದು ಕರ್ಣಾಕರ್ಣಿಯಾಗಿ ಎಲ್ಲರಿಗೂ ತಿಳಿದಿದೆ. ಗುರುಗೃಹದಲ್ಲಿ ದೂರದಿಂದ ನೀರು ಹೊತ್ತು ತಂದ ಮೇಲೆ ಪಾಠ. ಅಲ್ಲಿಯೂ ಅನ್ನಕ್ಕೆ ಬೆಲೆಯಿದ್ದಿತು. ಆದರೆ ಆ ಬೆಲೆಯನ್ನು ಗೊತ್ತಿದ್ದು ಒಪ್ಪಿಕೊಂಡವನು ಹುಡುಗನೇ.

ಹೆಣ್ಣುಮಗಳಿಗೆ ವಾರವಿರಲಿಲ್ಲ. ಗೆಳತಿಯರನ್ನು ಬಿಟ್ಟು ಊರು ಬಿಡುವುದು ಅವಳ ಪಾಲಿಗೆ ಹತ್ತು ಹನ್ನೆರಡರ ವಯಸ್ಸಿನಲ್ಲಿ ತಪ್ಪದೆ ಬರುತ್ತಿದ್ದಿತು, ಆದರೆ ಅದು ಮದುವೆಯ ಮೂಲಕ. ಆರಿಸಿಕೊಳ್ಳುವ ಮಾತು ಅಲ್ಲಿ ಏಳುತ್ತಿರಲಿಲ್ಲ. ಮೈಸೂರಿನಲ್ಲಿ 1881ರಲ್ಲಿ ಪ್ರಾರಂಭವಾದ ಮಹಾರಾಣಿಯವರ ಬಾಲಿಕಾ ಪಾಠಶಾಲೆಯಲ್ಲಿ ಓದನ್ನು ಮುಂದುವರಿಸಿದವರಲ್ಲಿ ಬಾಲವಿಧವೆಯರು ಇದ್ದರೆಂಬುದು ಯೋಚಿಸಬೇಕಾದ ಸಂಗತಿ. ಸಂಸಾರದ ದಾರಿ ಮುಚ್ಚಿಹೋದ ಮೇಲೆಯೇ ಅವರಿಗೆ ವಿದ್ಯೆಯ ದಾರಿ ತೆರೆಯಿತು.

ಕರಾವಳಿಯ ಹುಡುಗರು ಇನ್ನೊಂದು ದಿಕ್ಕಿಗೆ ನಡೆದರು. ಓದುವುದಕ್ಕೆಂದು ಹೊರಟವರಲ್ಲ ಅವರು; ಹೊಟ್ಟೆಗಾಗಿ ಹಡಗು ಹತ್ತಿ ಮುಂಬಯಿಗೆ ಹೋಗಿ, ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರಸಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಲ್ಲಿಯೇ ಮಲಗುತ್ತಿದ್ದವರು. ಇವರಿಗೆ ಅನ್ನದ ಚಿಂತೆಯಿರಲಿಲ್ಲ, ಹೊತ್ತಿನದೇ ಚಿಂತೆ. ಮೊಗವೀರ ಸಮಾಜದವರು 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಮುಂಬಯಿಯಲ್ಲಿ ರಾತ್ರಿಶಾಲೆಯನ್ನು ತೆರೆದರು. ಇತರ ಸಮಾಜಗಳೂ ಅನುಸರಿಸಿದವು. ಹಗಲು ಮಾಣಿಯಾಗಿದ್ದವನು ರಾತ್ರಿ ಕನ್ನಡ ಶಾಲೆಯ ವಿದ್ಯಾರ್ಥಿಯಾಗಿ, ಮುಂದೆ ಗುಮಾಸ್ತೆಯೋ ವಕೀಲನೋ ತಾನೇ ಹೋಟೆಲಿನ ಒಡೆಯನೋ ಆದುದು ಅಲ್ಲಿ ಅಪೂರ್ವವಲ್ಲ. ಇತ್ತ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿ, ಯಾವ ಕೂಲಿಮಠದ ಜಗಲಿಯೂ ಸೇರಿಸದಿದ್ದ ಮಕ್ಕಳಿಗೆ ಅಕ್ಷರವನ್ನೂ ಅನ್ನವನ್ನೂ ಒಟ್ಟಿಗೆ ಕೊಡಲು ತೊಡಗಿದರು. ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರವನ್ನು ಅನುಭವಿಸಿದರು.

ವಾರಾನ್ನವು ಒಂದೇ ದಿನ ನಿಂತುಹೋಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಟ್ಟಣಗಳಿಗೆ ಪಡಿತರ ಬಂದು, ಅಕ್ಕಿಯನ್ನು ಸೇರಿನ ಲೆಕ್ಕದಲ್ಲಿ ತಲೆಯೆಣಿಸಿ ಕೊಡತೊಡಗಿದ ಮೇಲೆ, ಚೀಟಿಯಲ್ಲಿ ಹೆಸರಿಲ್ಲದ ಹುಡುಗನ ಎಲೆ ಮೊದಲ ಬಾರಿಗೆ ನಿಜವಾಗಿಯೂ ಭಾರವಾಯಿತು. ಊರೂರಿಗೆ ಬಸ್ಸು ಬಂದಿತು, ಹೋಬಳಿಗೊಂದು ಹೈಸ್ಕೂಲು ಬಂದಿತು. ಹುಡುಗನು ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಹಿಂದಿರುಗುವಂತಾಯಿತು. ಅಗ್ರಹಾರದ ದೊಡ್ಡ ಮನೆಗಳು ಬಾಡಿಗೆಯ ವಠಾರಗಳಾದುವು. ಸ್ವಾತಂತ್ರ್ಯಾನಂತರ ಸರ್ಕಾರವೇ ವಿದ್ಯಾರ್ಥಿನಿಲಯಗಳನ್ನು ತೆರೆಯಿತು. ದೇವರಾಜ ಅರಸರ ಕಾಲದಲ್ಲಿ, ಎಲ್.ಜಿ. ಹಾವನೂರರ ಆಯೋಗವು 1975ರಲ್ಲಿ ವರದಿಯನ್ನೊಪ್ಪಿಸಿದ ಆಸುಪಾಸಿನ ವರ್ಷಗಳಲ್ಲಿ, ಹಿಂದುಳಿದವರ ಮತ್ತು ಪರಿಶಿಷ್ಟರ ಹಾಸ್ಟೆಲುಗಳು ತಾಲ್ಲೂಕು ತಾಲ್ಲೂಕಿಗೂ ಹಬ್ಬಿದವು. ಕೂಲಿಮಠದ ಜಗಲಿಯ ಕೆಳಗೆ ನಿಂತಿದ್ದವನ ಮೊಮ್ಮಗನು ಟ್ರಂಕು ಹಿಡಿದು ಊರು ಬಿಟ್ಟದ್ದು ಆಗ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಕವಿ ಸಿದ್ಧಲಿಂಗಯ್ಯನವರು ಶ್ರೀರಾಮಪುರದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದುಕೊಂಡು ಓದಿದ ದಿನಗಳನ್ನು ‘ಊರುಕೇರಿ’ಯಲ್ಲಿ ನಗುನಗುತ್ತ ಬರೆದಿದ್ದಾರೆ; ಅವರ ಕವನಸಂಕಲನ ‘ಹೊಲೆಮಾದಿಗರ ಹಾಡು’ ಪ್ರಕಟವಾದದ್ದು 1975ರಲ್ಲಿ. ಸರ್ಕಾರದ ಅಕ್ಕಿಗೆ ಹಾಜರಿ ಪುಸ್ತಕವೊಂದಿತ್ತೇ ಹೊರತು ಮುಖವಿರಲಿಲ್ಲ. ಇಂಥದೇ ಓದು, ಇಂಥವರಿಗೆ ಅಳಿಯನಾಗು, ಇಂಥ ಪಕ್ಷಕ್ಕೆ ದುಡಿ ಎಂದು ಅದು ಹೇಳಲಿಲ್ಲ. ಆದುದರಿಂದಲೇ ಆ ಕೋಣೆಗಳಲ್ಲಿ ರಾತ್ರಿಯೆಲ್ಲ ವಾದ ನಡೆಯಿತು, ಭಿತ್ತಿಪತ್ರಗಳು ಸಿದ್ಧವಾದುವು, ಅನ್ನ ಕೊಟ್ಟ ಸರ್ಕಾರದ ವಿರುದ್ಧವೇ ಮೆರವಣಿಗೆಗಳು ಹೊರಟವು. ಉಂಡ ಮನೆಯ ಮಾತನ್ನೆತ್ತಿ ಅವರನ್ನು ಬಾಯಿ ಮುಚ್ಚಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಹಾಸ್ಟೆಲಿನ ಅನ್ನವೇನೂ ಚೆನ್ನಾಗಿರಲಿಲ್ಲ. ಅಕ್ಕಿಯಲ್ಲಿ ಕಲ್ಲು, ಸಾರಿನಲ್ಲಿ ನೀರು, ಲೆಕ್ಕದಲ್ಲಿ ಕಳ್ಳತನ. ಹುಡುಗರು ತಟ್ಟೆಗಳನ್ನು ಹಿಡಿದುಕೊಂಡು ಸಾಲಾಗಿ ಜಿಲ್ಲಾ ಕಚೇರಿಗೆ ನಡೆದುಹೋಗಿ, ಸಾರು ನೀರಾಗಿದೆಯೆಂದು ಬರೆದು, ಎಲ್ಲರೂ ಸಹಿ ಹಾಕಿ, ಅರ್ಜಿ ಕೊಟ್ಟು ಬಂದರು.